ಹಿಂದೆ ಸರಿದವನಿಗೆ ಬಿದ್ದ ಮತ

ಮತದಾನದ ದಿನ ಅಮೆರಿಕದ ವಿಸ್ಕಾನ್ಸಿನ್‌ನ ಒಂದು ಪುಟ್ಟ ಊರಿನ ಬೇಕರಿಯಲ್ಲಿ ಸಾಲಿನಲ್ಲಿ ನಿಂತಿದ್ದ ಮಾರ್ಲಿಸ್, ಕೇಳಿಸಿಕೊಳ್ಳಬಾರದು ಎಂದುಕೊಂಡೇ ಮುಂದಿನ ಇಬ್ಬರ ಮಾತಿಗೆ ಕಿವಿಗೊಟ್ಟಳು. ಒಬ್ಬ ಡಾರೆಲ್, ಮೂರನೇ ಪಕ್ಷದ ಅಭ್ಯರ್ಥಿ. ಮತ ಒಡೆಯುತ್ತದೆಂದು ಹೆದರಿ, ಹೋದ ವಾರವಷ್ಟೇ ಕಣದಿಂದ ಹಿಂದೆ ಸರಿದಿದ್ದ. ಇನ್ನೊಬ್ಬ, ಡಾರೆಲ್ ಹೆಸರಿನ ಪ್ರಚಾರದ ಬಿಲ್ಲೆಯನ್ನು ಕೋಟಿಗೆ ಚುಚ್ಚಿಕೊಂಡಿದ್ದ ಮುದುಕ ಎಲ್ರಾಯ್.

“ಮತಪತ್ರದಲ್ಲಿ ನಿನ್ನ ಹೆಸರು ಇದ್ದೇ ಇದೆಯಂತಲ್ಲೋ!”

“ಅಚ್ಚಾದ್ಮೇಲೆ ತೆಗೆಯಲ್ಲ. ದಯವಿಟ್ಟು ನನಗೆ ಹಾಕ್ಬೇಡಿ, ಚುನಾವಣೆಗೆ ನಿಂತಿರೋ ಆ ಟೀಚರಮ್ಮಂಗೆ ಹಾಕಿ. ನಾವು ಮತ ಒಡೆದ್ರೆ ಅವರ ಎದುರಾಳಿ ಗೆದ್ದು ಆಸ್ಪತ್ರೆ ಮುಚ್ಚಿಸ್ತಾನೆ. ನಿಮ್ಮ ಹೆಂಡ್ತಿ ಆರ್ಡಿಸ್ ಅವರ ಡಯಾಲಿಸಿಸ್‌ಗೆ ಎಲ್ಲಿಗೆ ಹೋಗ್ತೀರಿ?”

“ನಮ್ಮನೆಗೆ ಬಂದು, ಅವಳು ಮಾಡಿದ ಹಣ್ಣಿನ ಪೈ ತಿಂದು ವೋಟು ಕೇಳ್ದೋನು ನೀನೇ ತಾನೆ?”

“ತಪ್ಪಾಯ್ತು.”

“ಪೈ ಅಷ್ಟು ಕೆಟ್ಟದಾಗಿತ್ತಾ?”

ಡಾರೆಲ್ ಬಾಯಿ ತೆರೆಯುವ ಮೊದಲೇ ಎಲ್ರಾಯ್ ಮುಂದುವರಿಸಿದ.

“ನೀನು ಸರಿಯೋಕೆ ಮುಂಚೇನೇ ಅವಳು ಅಂಚೆಯಲ್ಲಿ ನಿನಗೆ ವೋಟು ಹಾಕಿಬಿಟ್ಳು. ನೀನು ಸರಿದ್ರೂ ನಮ್ಮ ಹುಡುಗ ನೀನೇ ಅಂತಾಳೆ.”

“ಅಯ್ಯೋ ದೇವರೇ.”

“ಮದುವೆಯಾದಾಗಿಂದ ನಾವಿಬ್ರು ಬೇರೆ ಬೇರೆ ಹಾಕಿದ್ದೇ ಇಲ್ಲ ಕಣೋ. ಮನೆಗೆ ಹೋದ ತಕ್ಷಣ ಯಾರಿಗೆ ಹಾಕ್ದೆ ಅಂತ ಕೇಳ್ತಾಳೆ.”

“ನನಗೇ ಹಾಕ್ದೆ ಅಂತ ಹೇಳ್ಬಿಡಿ.”

“ಅವಳಿಗೆ ಸುಳ್ಳು ಹೇಳೋದನ್ನೂ ನೀನೇ ಕಲಿಸ್ತೀಯಾ?”

ಎಲ್ರಾಯ್ ಕೋಟಿನಿಂದ ಬಿಲ್ಲೆ ಬಿಚ್ಚಿ ಡಾರೆಲ್‌ನ ಅಂಗೈಯಲ್ಲಿಟ್ಟ.

“ಬೆಳಗ್ಗೆ ಅವಳೇ ಚುಚ್ಚಿ ಕಳಿಸಿದ್ದು. ಇದನ್ನ ಚುಚ್ಕೊಂಡು ಟೀಚರಮ್ಮಂಗೆ ಹಾಕೋಕೆ ಮನಸ್ಸು ಬರಲ್ಲ. ನಾನು ಬರೋವರೆಗೂ ಹಿಡ್ಕೊಂಡಿರು. ಇದಿಲ್ದೆ ಮನೆಗೆ ಹೋಗೋಕಾಗಲ್ಲ.”

ಕೊಳ್ಳಲು ಬಂದಿದ್ದ ಕಾಫಿಯನ್ನೂ ಮರೆತು, ಎಲ್ರಾಯ್ ರಸ್ತೆ ದಾಟಿ ಮತಗಟ್ಟೆಯೊಳಗೆ ಹೋದ.