ಸುಳ್ಳು ಹೇಳಿ ಬರುವ ತನಕ

೧೯೪೮ರ ಬೇಸಿಗೆ. ವಾಡಿ ಸ್ಟೇಶನ್ನಿನ ಹೊರಗೆ ಸೊಲ್ಲಾಪುರದ ಗಾಡಿಗೆ ಕಾಯುತ್ತಿದ್ದ ಯಂಕಮ್ಮನ ಬೆನ್ನ ಹಿಂದೆ ಒಬ್ಬ ತಾಯಿ, ಆರೇಳು ವರ್ಷದ ಮಗಳು ಕೂತಿದ್ದರು. ಗೇಟಿನಲ್ಲಿ ನಿಜಾಮನ ಪೊಲೀಸರು ಒಬ್ಬೊಬ್ಬರನ್ನೇ ತಡೆದು, ಗಡಿಯಾಚೆ ಹೋರಾಟದ ಶಿಬಿರ ಸೇರಿದ ಗಂಡಸರ ಸುದ್ದಿ ಕೇಳುತ್ತಿದ್ದರು. ಯಂಕಮ್ಮ ತಿರುಗಿ ನೋಡಲಿಲ್ಲ. ಕಿವಿ ಮಾತ್ರ ಅತ್ತಲೇ ಇತ್ತು.

"ನಿಮ್ಮಪ್ಪ ಎಲ್ಲಿ ಅಂತ ಕೇಳಿದ್ರ ಏನಂತಿ?"

"ಶಿಬಿರದಾಗ..."

"ಬಾಯಿ ಮುಚ್ಚು! ಗೊತ್ತಿಲ್ಲ ಅನ್ಬೇಕು."

"ಗೊತ್ತದಲ್ಲವ್ವ."

"ಗೊತ್ತಿದ್ರೂ ಹಂಗೇ ಅನ್ಬೇಕು. ಇಲ್ಲಂದ್ರ ನನಗ ಹಿಡ್ಕೊಂಡು ಹೋಗ್ತಾರ."

"ಕೊರಳಾಗ ಲಿಂಗ ಇದ್ದೋರು ಸುಳ್ಳ ಹೇಳಬಾರ್ದು ಅಂತ ನೀನೇ ಕಲಿಸಿದಿ."

"ಹೌದು ನನ್ನವ್ವ, ನಾನೇ ಕಲಿಸೀನಿ."

"ಹಂಗಾದ್ರ ಇದು ನೀ ಹಿಡ್ಕೊ. ಸುಳ್ಳ ಹೇಳಿ ಬಂದು ಹಾಕ್ಕೋತೀನಿ."

ಯಂಕಮ್ಮ ತಡೆಯಲಾರದೆ ತಿರುಗಿದಳು. ಹುಟ್ಟಿದಾಗ ಕಟ್ಟಿದ್ದು, ಸಾಯುವ ತನಕ ಮೈಬಿಟ್ಟು ಇಳಿಯಬಾರದ ಲಿಂಗ ತಾಯಿಯ ಅಂಗೈಯಲ್ಲಿತ್ತು.

ದೂರದಲ್ಲಿ ಗಾಡಿ ಕೂಗಿತು. ತಾಯಿ ಲಿಂಗವನ್ನು ಕಣ್ಣಿಗೊತ್ತಿಕೊಂಡಳು. ಆದರೆ ಮಗಳ ಕೊರಳಿಗೆ ತಿರುಗಿ ಹಾಕಲಿಲ್ಲ. ಸೆರಗಿನ ತುದಿಯಲ್ಲಿ ಗಂಟು ಕಟ್ಟಿಕೊಂಡು, ಬರಿಗೊರಳ ಕೂಸನ್ನು ಮುಂದೆ ಬಿಟ್ಟುಕೊಂಡು ಗೇಟಿನ ಕಡೆ ನಡೆದಳು.