ಕಾರೆಹಳ್ಳ ದಾಟಿದ ಸಂಬಂಧ

ಎಲ್ಲರಿಗೂ ನಮಸ್ಕಾರ. ಮುಂದಿನ ಸಾಲಿನಲ್ಲಿ ಕುಳಿತಿರುವ ಲಕ್ಷ್ಮಿದೇವಮ್ಮನವರಿಗೆ — ನಮ್ಮ ಶಿವಲಕ್ಷ್ಮಿ ಮೇಡಂ ಅವರನ್ನು ಹೆತ್ತ ತಾಯಿಗೆ — ಮೊದಲು ಕೈಮುಗಿಯುತ್ತೇನೆ. ಮೇಡಂ ಅವರ ತಮ್ಮ ಮುತ್ತುರಾಜು ಅವರಿಗೆ, ಸಾತನೂರಿನಿಂದ ಬೆಳಗಿನ ಬಸ್ಸಿಗೇ ಹೊರಟು ಬಂದ ನೆಂಟರಿಗೆ, ಬೆಟ್ಟದ ಆಚೆ ಈಚೆ ಊರಿನ ಹಿರಿಯರಿಗೆ, ನಮ್ಮ ಪ್ರಯೋಗಾಲಯದ ಗೆಳೆಯರಿಗೆ ವಂದನೆಗಳು.

ನನ್ನ ಹೆಸರು ರೇಣುಕಾಪ್ರಸಾದ್. ಸೋಲೂರಿನವನು. ಮೇಡಂ ಜೊತೆ ಕಾಡುಪ್ರಾಣಿಗಳ ಡಿಎನ್ಎ ಓದುವ ಕೆಲಸ ಮಾಡುತ್ತಿದ್ದೆ. ಓದುವುದು ಅಂದರೆ ದೊಡ್ಡ ಮಾತಾಯಿತು — ನಿಜ ಹೇಳಬೇಕೆಂದರೆ, ಕರಡಿ ಹಿಕ್ಕೆ ಹೆಕ್ಕುವುದು. ನಗಬೇಡಿ... ಅಲ್ಲ, ನಗಿ, ನಗಿ. ಮುಖ ಗಂಟು ಹಾಕಿಕೊಂಡು ಕೂತವರನ್ನು ಕಂಡರೆ ಮೇಡಂಗೆ ಆಗುತ್ತಿರಲಿಲ್ಲ. "ಯಾಕ್ರೀ ಪ್ರಸಾದ್, ಹಳಸಿದ್ ಮುದ್ದೆ ಉಂಡೋರಂಗೆ ಕೂತಿದ್ದೀರಿ?" ಎಂದು ಗದರುತ್ತಿದ್ದರು.

ಕುರಿ ಸಾಕುವ ಮನೆಯ ಹೆಣ್ಣುಮಗಳು. ಡಾಕ್ಟರೇಟ್ ಮಾಡಿದರು, ದೇಶ ವಿದೇಶ ತಿರುಗಿದರು, ಮಾತು ಮಾತ್ರ ಸಾತನೂರಿನದೇ. ಇಂಗ್ಲಿಷ್ ಕಾನ್ಫರೆನ್ಸಿನಲ್ಲೂ ಸಿಟ್ಟು ಬಂದರೆ "ಏ, ಬುಡ್ರೀ ಅತ್ಲಾಗೆ" ಎಂದುಬಿಡುತ್ತಿದ್ದರು. ನಾನೋ — ಬೆಳಗ್ಗೆ ಶಿವಪೂಜೆ ಆಗದೆ ತಿಂಡಿ ಮುಟ್ಟದ ಮನೆಯವನು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಮಾಗಡಿಯಿಂದ ಬಸ್ಸಿನಲ್ಲಿ ಬರುತ್ತಿದ್ದೆವು. ನನ್ನ ತೊಡೆಯ ಮೇಲೆ ಹಿಕ್ಕೆಯ ಬ್ಯಾಗು. ನಾಚಿಕೆಯಿಂದ ಹೀಗೆ — ಮಗುವನ್ನು ಅಪ್ಪಿಕೊಂಡಂತೆ — ಮುಚ್ಚಿಟ್ಟುಕೊಂಡಿದ್ದೆ. ಕಂಡಕ್ಟರ್ ಮೂಗು ಮುಚ್ಚಿಕೊಂಡು, "ಏನ್ ಸಾರ್ ಅದು ಬ್ಯಾಗಲ್ಲಿ?" ಎಂದ. ನಾನು ತಡವರಿಸುವಷ್ಟರಲ್ಲಿ ಮೇಡಂ ಇಡೀ ಬಸ್ಸಿಗೆ ಕೇಳುವ ಹಾಗೆ, "ಕರಡಿ ಕಕ್ಕ ಕಣಣ್ಣ. ಲಗೇಜ್ ಟಿಕೆಟ್ ತಗೋಬೇಕಾ?" ಎಂದರು! ಹಿಂದಿನ ಸೀಟುಗಳೆಲ್ಲ ಖಾಲಿ. ಮೇಡಂ ಆರಾಮಾಗಿ ಕಾಲು ಚಾಚಿ ರಾಮನಗರದವರೆಗೂ ನಿದ್ದೆ ಹೊಡೆದರು.

ಇಷ್ಟೆಲ್ಲ ಯಾಕೆ ಬೇಕಿತ್ತು ಅಂತೀರಾ? ಹೇಳುತ್ತೇನೆ. ಹಿಕ್ಕೆಯ ಮೇಲ್ಪದರದಲ್ಲಿ ಕರಡಿಯ ಕರುಳಿನ ಜೀವಕೋಶಗಳು ಅಂಟಿಕೊಂಡಿರುತ್ತವೆ. ಅವುಗಳಿಂದ ಡಿಎನ್ಎ ತೆಗೆದು ಓದಿದರೆ ಇದು ಯಾವ ಕರಡಿ, ಗಂಡೋ ಹೆಣ್ಣೋ, ಇದರ ತಾಯಿ ಯಾರು, ತಂದೆ ಯಾರು, ಎಲ್ಲ ಗೊತ್ತಾಗುತ್ತದೆ. ಒಂದು ಕರಡಿಯದಲ್ಲ, ಬೆಟ್ಟದ ಅಷ್ಟೂ ಕರಡಿಗಳದ್ದು ಓದಿ ಪಕ್ಕಪಕ್ಕ ಇಟ್ಟರೆ, ಆ ಕುಲ ಚೆನ್ನಾಗಿದೆಯೋ, ಒಳಗೊಳಗೇ ಕೂಡಿ ಸೊರಗುತ್ತಿದೆಯೋ ಎಂಬುದೂ ತಿಳಿಯುತ್ತದೆ. ಕರಡಿಯನ್ನು ಹಿಡಿಯಬೇಕಿಲ್ಲ, ಮುಟ್ಟಬೇಕಿಲ್ಲ. ಬಗ್ಗಿ ಹೆಕ್ಕಿದರೆ ಸಾಕು.

ಈಗ ಕಾರೆಹಳ್ಳದ ವಿಷಯ. ನಮ್ಮ ಈ ರಾಮನಗರ ಕಡೆಯ ಬೆಟ್ಟಕ್ಕೂ ಮಾಗಡಿ ಕಡೆಯ ಬೆಟ್ಟಕ್ಕೂ ನಡುವೆ ಇರುವ ಕುರುಚಲು ಗೋಮಾಳ ಅದು. ಅದಕ್ಕೆ ಅಡ್ಡಲಾಗಿ ತಂತಿಬೇಲಿ ಹಾಕಿಸಬೇಕೆಂದು ಊರಿನವರು ಪಟ್ಟು ಹಿಡಿದಿದ್ದರು. ಮುಂದಾಳು — ಇಗೋ, ಇಲ್ಲೇ ಕುಳಿತಿದ್ದಾರೆ — ಪರಮಶಿವಯ್ಯನವರು. ಅವರ ತಮ್ಮ ರುದ್ರಪ್ರಸಾದ್ ಹಿಪ್ಪುನೇರಳೆ ತೋಟಕ್ಕೆ ಹೋದಾಗ ಕರಡಿ ಮೇಲೆ ಬಿದ್ದು ಭುಜ ಹರಿದಿತ್ತು. ಅವರಿಗೆ ಸಿಟ್ಟಿತ್ತು. ಇರಬೇಕಾದ್ದೇ. ಮೇಡಂ ಆಸ್ಪತ್ರೆಗೆ ಹೋಗಿ, ರುದ್ರಪ್ರಸಾದ್ ಪಕ್ಕ ಕೂತು, ಎಳನೀರು ಕುಡಿಸಿ ಬಂದರು. ಕರಡಿ ಪರವಾಗಿ ಅಲ್ಲಿ ಒಂದು ಮಾತೂ ಆಡಲಿಲ್ಲ.

ಮಾತಾಡಿದ್ದು ಗ್ರಾಮಸಭೆಯಲ್ಲಿ. ಮೊದಲು ನಾನು ಪರದೆ ಕಟ್ಟಿ, ಬಣ್ಣಬಣ್ಣದ ಗೆರೆಗಳ ಚಿತ್ರ ತೋರಿಸಿ, 'ಆನುವಂಶಿಕ ವೈವಿಧ್ಯ' ಎಂದೆಲ್ಲ ವಿವರಿಸಿದೆ. ಅರ್ಧ ಸಭೆ ಆಕಳಿಸಿತು. ಮೇಡಂ ನನ್ನ ಕೈಯಿಂದ ಮೈಕು ಕಿತ್ತುಕೊಂಡರು.

"ಅಲ್ಲಾ, ಕುರಿ ಸಾಕೋರು ಯಾರ್ ಯಾರಿದ್ದೀರಿ ಇಲ್ಲಿ? ಒಂದೇ ಟಗರ್ನ ಎಷ್ಟು ವರ್ಸ ಮಂದೇಲಿ ಇಟ್ಕತ್ತೀರಿ?"

"ಎಲ್ಲಾರ ಉಂಟಾ? ಅದ್ರ ಹೆಣ್ಮರಿ ಬೆದೆಗೆ ಬರೋ ಹೊತ್ತಿಗೆ ಬೇರೆ ಮಂದೆಯಿಂದ ತರ್ತೀವಿ" ಎಂದರು ಹಿಂದಿನಿಂದ ಬೀರಲಿಂಗಯ್ಯನವರು.

"ಯಾಕಣ್ಣ?"

"ಮರಿ ಬಡಕಲಾಯ್ತವೆ ಕಣವ್ವ."

"ಹಾಂ! ನಿಮ್ ಕುರಿಗೆ ನೀವು ಟಗರು ತರ್ತೀರಿ. ಕರಡಿಗೆ ಯಾರಣ್ಣ ತಂದ್ಕೊಡ್ತಾರೆ? ಅದೇ ಕಾರೆಹಳ್ಳದ ಮ್ಯಾಲೆ ನಡ್ಕಂಡ್ ಬರ್ಬೇಕು. ನೀವು ತಂತಿ ಎಳುದ್ಬುಟ್ರೆ?"

ಆಕಳಿಕೆ ನಿಂತಿತು. ನನ್ನ ಚಿತ್ರಗಳನ್ನು ಸುತ್ತಿ ಬ್ಯಾಗಿಗೆ ಹಾಕಿಕೊಂಡೆ. ಆದರೆ ಪರಮಶಿವಯ್ಯನವರು ಬಗ್ಗುವ ಆಸಾಮಿಯೇ? "ಟಗರಿನ್ ಮಾತು ಒಪ್ಕತ್ತೀನಿ ಕಣವ್ವ. ಕರಡಿ ಹಳ್ಳ ದಾಟ್ತದೆ ಅಂತ ಮೊದ್ಲು ತೋರ್ಸು" ಎಂದರು.

ಆಗ ಆಯಿತು ನೋಡಿ ಒಂದು ಫಜೀತಿ. ಹಿಕ್ಕೆಯನ್ನು ಓದಿದರೆ ಕರಡಿ ತಿಂದದ್ದೂ ಗೊತ್ತಾಗುತ್ತದೆ. ಮಾಗಡಿ ಬೆಟ್ಟದ ನೆತ್ತಿಯಿಂದ ತಂದ ಹಿಕ್ಕೆಯಲ್ಲಿ ಏನು ಸಿಕ್ಕಿತು ಹೇಳಿ? ರೇಷ್ಮೆಹುಳ! ಮೇಡಂ ನನ್ನ ಮೇಲೆ ಹರಿಹಾಯ್ದರು. ನಾನಿರುವುದು ಚನ್ನಪಟ್ಟಣದಲ್ಲಿ, ನೂಲು ಬಿಚ್ಚುವವರ ಬೀದಿಯಲ್ಲಿ. ನನ್ನ ಕೈಯಿಂದಲೇ ಹುಳದ ಡಿಎನ್ಎ ಅಂಟಿದೆ ಎಂದು ಅವರ ವಾದ. "ಸ್ನಾನ ಮಾಡ್ತೀರೋ, ಬರೀ ಇಬೂತಿ ಬಳ್ಕತ್ತೀರೋ?" ಎಂದು ಕೇಳಿಬಿಟ್ಟರು. ನನಗೂ ರೇಗಿತು. "ನೀವೇ ಹೋಗಿ ಹೆಕ್ಕಿಕೊಂಡು ಬನ್ನಿ" ಎಂದೆ. ಹೋದರು. ತಂದರು. ಓದಿದರು. ಮತ್ತೆ ರೇಷ್ಮೆಹುಳ! ಮೇಜು ಬಡಿದು ಬಡಿದು ನಕ್ಕರು. ಮಾಗಡಿ ಬೆಟ್ಟದ ಸುತ್ತ ನೂಲು ಬಿಚ್ಚುವ ಘಟಕ ಒಂದೂ ಇಲ್ಲ. ಇರುವುದು ನಮ್ಮ ಕಡೆ, ಮುನಾವರ್ ಸಾಹೇಬರದ್ದು. ನೂಲು ತೆಗೆದ ಮೇಲೆ ಉಳಿಯುವ ಸತ್ತ ಹುಳವನ್ನು ಹಿತ್ತಲಿಗೆ ಸುರಿಯುತ್ತಿದ್ದರು. ಕರಡಿ ಇಲ್ಲಿ ಉಂಡು, ಕಾರೆಹಳ್ಳ ದಾಟಿ, ಅಲ್ಲಿ ಹೋಗಿ ಕೂತಿತ್ತು!

ಗೆದ್ದೆವು ಎಂದು ಊರಿಗೆ ಓಡಿದೆವು. ಪರಮಶಿವಯ್ಯನವರು ತಣ್ಣಗೆ, "ಉಣ್ಣಾಕೆ ಬಂದೋನೆಲ್ಲ ಬೀಗ ಆಯ್ತಾನಾ? ನಮ್ಮೂರ್ಗೆ ದಿನಾ ಹಾಲಿನ್ ಲಾರಿ ಬತ್ತದೆ, ಡ್ರೈವರ್‌ಗೆ ಹೆಣ್ ಕೊಟ್ಟಿದ್ದೀವಾ?" ಎಂದರು.

ದಾರಿಯಲ್ಲಿ ನಾನು ಸಿಡಿಮಿಡಿ ಎನ್ನುತ್ತಿದ್ದೆ. ಮೇಡಂ ಮಾತ್ರ ಖುಷಿಯಾಗಿದ್ದರು. "ಸರಿಯಾದ್ ಪ್ರಶ್ನೆ ಕೇಳವ್ರೆ ಕಣ್ರೀ. ಬಂದು ಹೋದ್ರೆ ಸಾಲ್ದು, ಸಂಬಂಧ ಬೆಳೀಬೇಕು" ಎಂದರು. ಕೊನೆಗೆ ಸಭೆ ತೀರ್ಮಾನಿಸಿತು — ಎರಡೂ ಬೆಟ್ಟಕ್ಕೆ ಸೇರಿದ ಒಂದು ಮರಿಯನ್ನು ಯುಗಾದಿಯೊಳಗೆ ತೋರಿಸಬೇಕು, ಇಲ್ಲದಿದ್ದರೆ ತಂತಿ.

ಅಷ್ಟರಲ್ಲಿ ಮೇಡಂ ಹೃದಯ ಕೈಕೊಡಲು ಶುರುವಾಗಿತ್ತು. ಬೆಟ್ಟ ಹತ್ತಬೇಡಿ ಎಂದು ವೈದ್ಯರು ಹೇಳಿದ್ದರು, ನಾನು ಹೇಳಿದ್ದೆ, ಮುತ್ತುರಾಜು ಕಾಲು ಹಿಡಿದು ಹೇಳಿದ್ದರು. ಯಾರ ಮಾತು ಕೇಳಿದರು? ಶಿವರಾತ್ರಿ ಕಳೆದ ಮೇಲೆ ಕೂತು ಕೂತು ಹತ್ತಿದರು. ಬಂಡೆಯ ಸಂದಿನಲ್ಲಿ ದೊಡ್ಡ ಹಿಕ್ಕೆ, ಅದರ ಪಕ್ಕದಲ್ಲೇ ಪುಟ್ಟದೊಂದು. "ಪ್ರಸಾದ್, ಮರಿ ಕಣ್ರೀ, ಮರಿ!" ಎಂದು ಕೂಗಿದ ಆ ದನಿ... ಕ್ಷಮಿಸಿ, ಒಂದು ನಿಮಿಷ.

ಅದನ್ನು ಓದುವ ಮೊದಲೇ ಹೊರಟುಹೋದರು. ನನಗೆ ಅವರ ಮೇಲೆ ಇನ್ನೂ ಸಿಟ್ಟಿದೆ. ಅಷ್ಟು ಪ್ರೀತಿಯೂ ಇದೆ.

ಈ ಸೋಮವಾರ, ಯುಗಾದಿಗೆ ಮೊದಲೇ, ಫಲಿತಾಂಶ ಬಂತು. ಆ ಮರಿಯ ತಾಯಿ ನಮ್ಮ ಬೆಟ್ಟದ್ದು. ತಂದೆ ಮಾಗಡಿ ಬೆಟ್ಟದ್ದು. ಅನುಮಾನವೇ ಇಲ್ಲ. ಚಪ್ಪಾಳೆ ತಟ್ಟಿ, ಪರವಾಗಿಲ್ಲ, ಇವತ್ತು ತಟ್ಟಬಹುದು. ಪರಮಶಿವಯ್ಯನವರು ಈಗ ಒಳಗೆ ಬರುವಾಗ ಬಾಗಿಲಲ್ಲೇ ನನ್ನ ಕೈ ಹಿಡಿದು, "ತಂತಿ ಇಚಾರ ಬುಟ್ಬುಡಿ. ಆದ್ರೆ ಕರಡೀನ ಕರಿಯೋ ಆ ಹುಳದ್ ಗುಡ್ಡೆ ಮೊದ್ಲು ಮುಚ್ಸಿ. ನಮ್ ಜನಾನೂ ಬದುಕ್ಬೇಕು" ಎಂದರು. ಮುನಾವರ್ ಸಾಹೇಬರು ಆಗಲೇ ಗುಂಡಿ ತೋಡಿಸಿ ಚಪ್ಪಡಿ ಹಾಕಿಸಿದ್ದಾರೆ. ಕಾರೆಹಳ್ಳ ಹಾಗೇ ಇರುತ್ತದೆ.

ಒಂದು ಮಾತು ಹೇಳಿ ಮುಗಿಸುತ್ತೇನೆ. ಫಲಿತಾಂಶ ನೋಡಿದ ಖುಷಿಯಲ್ಲಿ, ಅಭ್ಯಾಸ ಬಲ, ಮೇಡಂ ನಂಬರಿಗೇ ಫೋನ್ ಮಾಡಿಬಿಟ್ಟೆ. ರಿಂಗಾದ ಮೇಲೆ ನೆನಪಾಯಿತು, ಮೇಡಂ ಇಲ್ಲ ಎಂದು. ಕಟ್ ಮಾಡುವಷ್ಟರಲ್ಲಿ ಲಕ್ಷ್ಮಿದೇವಮ್ಮನವರು ಎತ್ತಿಕೊಂಡರು. ಏನು ಹೇಳಲಿ? ಇದ್ದದ್ದನ್ನೇ ಹೇಳಿದೆ — ಅಮ್ಮ, ನಿಮ್ಮ ಮಗಳು ಹುಡುಕುತ್ತಿದ್ದ ಮರಿ ಸಿಕ್ಕಿತು. ಅವರು ಕೇಳಿದ್ದು ಇಷ್ಟೇ, "ಮರಿ ಹೆಣ್ಣೋ ಗಂಡೋ ಕಣಪ್ಪ?"

"ಹೆಣ್ಣು, ಅಮ್ಮ" ಎಂದೆ.

"ಹೆಣ್ಣಾ? ಹಂಗಾದ್ರೆ ಕುಲ ಉಳೀತು ಬುಡು" ಎಂದರು. ಮಗಳನ್ನು ಕಳೆದುಕೊಂಡ ತಾಯಿ ಹೇಳಿದ ಮಾತು ಇದು.

ಬನ್ನಿ, ಶಿವಲಕ್ಷ್ಮಿ ಮೇಡಂ ನೆನಪಿನಲ್ಲಿ ಎಲ್ಲರೂ ಎದ್ದು ನಿಂತು ಒಂದು ನಿಮಿಷ ಮೌನವಾಗಿರೋಣ. ಅಮ್ಮ, ನಿಮಗೆ ಮಂಡಿನೋವು, ನೀವು ಕೂತೇ ಇರಿ... ಏಳ್ತೀರಾ? ಸರಿ. ಮುತ್ತುರಾಜು, ಅಮ್ಮನ ಕೈ ಹಿಡಿದುಕೊಳ್ಳಿ. ಅಮ್ಮ ನಿಲ್ಲುವವರೆಗೂ ಕಾಯೋಣ.