ಹತ್ತು ಬತ್ತಿಯ ಸ್ಟೋ

...ಇಲ್ಲ ಅಯ್ಯಮ್ಮ, ನಾ ಹೇಳಿದ್ದೇ ತಪ್ಪಾತು. ಸಿಟ್ಟಾಗಬ್ಯಾಡ. ನನಗ ಯಾವುದನ್ನೂ ನೆಟ್ಟಗ ಹೇಳಾಕ ಬರಂಗಿಲ್ಲ. ಮೊದಲಿಂದ ಹೇಳತೀನಿ. ಇದು ಸ್ಟೋ. ಈ ಕೆಳಗಿನ ಡಬ್ಬಿಯೊಳಗ ಚಿಮಣಿ ಎಣ್ಣಿ ಹಾಕೂದು. ಇವು ಹತ್ತು ಬತ್ತಿ. ಹಿಂಗ ತಿರುವಿದ್ರ ಮ್ಯಾಲ ಬರ್ತಾವ, ಹಿಂಗ ತಿರುವಿದ್ರ ಕೆಳಗ... ಯಾಕ ನಗ್ತೀ?

ಸಣ್ಣದು ಅಂತ? ಸಣ್ಣದೇ! ಖೋಲಿ ಎಷ್ಟೈತಿ ನೋಡು. ನೀ ಕಾಲು ಚಾಚಿದ್ರ ಬಾಗಲಾ ಹಾಕಾಕ ಬರಂಗಿಲ್ಲ. ಇದರಾಗ ಮಣ್ಣಿನ ಒಲಿ ಎಲ್ಲಿ ಹಾಕ್ತೀ? ಲಗ್ನ ಆಗಿ ಎಂಟು ತಿಂಗಳಿಗೆ ಗಂಡನ ಖೋಲಿಗೆ ಬಂದೀ. ಪಾಮನಕಲ್ಲೂರಿಂದ ಒಲಿಗಂತ ಕೆಮ್ಮಣ್ಣಿನ ಗಂಟು ಹೊತ್ಕೊಂಡು, ಮಸ್ಕ್ಯಾಗ ಮೋಟಾರು ಬದಲಿಸಿ, ಲಿಂಗಸುಗೂರು ಮುಟ್ಟೀದಿ. ಒಲಿ ಬ್ಯಾಡಂದ್ರ ನಿನಗ ಕೆಡಕ ಅನಸತೈತಿ, ಗೊತ್ತು. ಆದ್ರೂ ಬ್ಯಾಡ!

ರೊಟ್ಟಿ ಹಂಚು? ಕೂಡತೈತಿ. ಅಲುಗಾಡತೈತಿ, ಖರೆ, ಒಂದು ಕೈಲೆ ಹಿಡ್ಕೋಬೇಕು... ಸಣ್ಣ ರೊಟ್ಟಿ ಬಡಿ! ಅಂಗಡಿ ನಬೀಸಾಬ್ ಪಂಪಿನ ಸ್ಟೋನೂ ತೋರಿಸಿದ. ಜಲ್ದಿ ಬೇಯತೈತಿ, ಆದ್ರ ಬರ್ರ್ ಅಂತ ಒದರತೈತಿ. ಓಣಿ ಮಂದಿ ಎಲ್ಲಾ ನೋಡಾಕ ಬರ್ತಾರ. ಇದಕ್ಕ ಸಪ್ಪಳಿಲ್ಲ, ಹೊಗಿ ಇಲ್ಲ. ಯಾರೂ ಏನೂ ಕೇಳಂಗಿಲ್ಲ...

ಏನು ಕೇಳಂಗಿಲ್ಲ? ಏನಿಲ್ಲ. ಮಾತಿಗೆ ಅಂದೆ.

ಅಲ್ಲ, ಹಿಂಗ ನೋಡು. ಒಲಿ ಹಾಕಿದ್ರ ಮನಿ ಒಡತಿ ವೀರಭದ್ರಮ್ಮ ಬರ್ತಾಳ. ಹೊಸ ಒಲಿಗೆ ಹಿರೇ ಹೆಣಮಗಳು ವಿಭೂತಿ ಹಚ್ಚಬೇಕು, ಮೊದಲನೇ ಕಟಗಿ ಆಕೀನೇ ಇಡಬೇಕು. ಅದು ಅವರ ಮನಿ ಪದ್ಧತಿ. ಇಟ್ಟು ಸುಮ್ನ ಹೋಗ್ತಾಳೇನು? ಕುಂದರತಾಳ. ಯಾವ ಮಠದವರು, ತವರು ಯಾವ ಓಣಿ ಅಂತ ನಿನ್ನ ಕೇಳತಾಳ. ಸ್ಟೋಕ್ಕ ಯಾರೂ ವಿಭೂತಿ ಹಚ್ಚಂಗಿಲ್ಲ. ತಗಡು! ಅಂಗಡಿಯಿಂದ ಬಂತು, ಹಚ್ಚಿದಿ, ಮುಗೀತು.

ಕೇಳಿದ್ರ ಏನಾತು ಅಂತೀಯಾ? ಹೌದು! ಕೇಳಿದ್ರ ಏನಾತು! ನಾ ತಹಸೀಲ್ ಕಚೇರಿ ಗುಮಾಸ್ತ. ಸರ್ಕಾರ ನನಗ ಕುರ್ಚಿ ಕೊಟ್ಟೈತಿ. ಈ ವರ್ಷ ಕಾಯ್ದೇನೂ ಬಂದೈತಿ, ನಮ್ಮನ್ನ ಯಾರೂ ಹೊರಗ ನಿಲ್ಲಸಂಗಿಲ್ಲ. ನಾ ಯಾರಿಗೂ ಅಂಜಾವಲ್ಲ!

...ಮಣ್ಣಿನ ಗಂಟು ಯಾಕ ಬಿಚ್ಚತೀ? ತಡಿ.

ಮೂರು ಓಣಿ ತಿರುಗಿದೆ, ಅಯ್ಯಮ್ಮ. ಖೋಲಿ ಖಾಲಿ ಐತಿ, ಬರ್ರಿ ಅಂತಿದ್ರು. ನಾ ಮುದುಕಪ್ಪ, ಪಾಮನಕಲ್ಲೂರು ಕೇರಿಯಂವ ಅನ್ನೂದ್ರಾಗ ಖಾಲಿ ಖೋಲಿ ತುಂಬಿಬಿಡತಿತ್ತು. ಇಲ್ಲಿ ಸಿಕ್ತು. ಹೆಂಗ ಅಂದ್ರ... ಸಿಕ್ತು, ಅಷ್ಟ.

ಬಂದೆ ರೀ, ಅವ್ವಾರ!

ಬ್ಯಾರೆ ಯಾರನ್ನೂ ಅಲ್ಲ, ವೀರಭದ್ರಮ್ಮ ನನ್ನನ್ನೇ ಕೂಗಾಕತ್ತಾಳ. ಈ ಮನ್ಯಾಗ ಶಿವಶರಣಪ್ಪ ಅಂದ್ರ ನಾನೇ. ಇಲ್ಲಿ... ಏನಾದ್ರೂ ಅನ್ನು! ಬೈ ಬೇಕಾದ್ರ! ಕಳವು ಮಾಡೀನೇನು ನಾ? ಹಂಗ ನೋಡಬ್ಯಾಡ.

ಹೂಂ ರೀ, ಬಂದಾಳ್ರೀ! ಕರಕೊಂಡು ಬಂದೆ!

ಆಕಿ ನಿನ್ನ ನೋಡಬೇಕಂತ. ಏಳು. ಹೆಸರು ಕೇಳತಾಳ... ನೋಡು, ಹೆಸರು ಅಂದ್ರ ಏನು, ಬರೇ ಕರಿಯಾಕ ಒಂದು... ಬಂದೆ ರೀ, ಬಂದೆ! ಕೇಳಿದ್ರ ಅಯ್ಯಮ್ಮ ಅನ್ನಬ್ಯಾಡ, ನೀ...